ಮುಖ ಕಾಣದ ತರಗತಿ



2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಕಾಲೇಜುಗಳು ಬಾಗಿಲು ಹಾಕಿದಾಗ ಹೆತ್ತವರಾದ ನಮ್ಮಲ್ಲಿ ಅನೇಕರು ಒಂದು ಮಾತು ಆಡಿದ್ದೆವು: “ಉಪನ್ಯಾಸಕರಿಗೇನು, ಮನೆಯಲ್ಲಿ ಕುಳಿತೇ ಸಂಬಳ ಎಣಿಸುತ್ತಾರೆ.” ಆ ಮಾತು ಎಷ್ಟು ಅನ್ಯಾಯದ್ದಾಗಿತ್ತು ಎಂಬುದನ್ನು ನಾವು ಇಂದಾದರೂ ಒಪ್ಪಿಕೊಳ್ಳಬೇಕಾಗಿದೆ.

ಸಂಬಳದಿಂದಲೇ ಆರಂಭಿಸೋಣ. ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಅಂದು ಅವರ ಮಾಸಿಕ ಗೌರವಧನ 11ರಿಂದ 13 ಸಾವಿರ ರೂಪಾಯಿ. ಅದೂ ತಿಂಗಳುಗಟ್ಟಲೆ ಕೈಸೇರದೆ ಉಳಿಯುತ್ತಿತ್ತು. ತರಗತಿ ಬಹಿಷ್ಕರಿಸಿ ಬೀದಿಗಿಳಿದ ಬಳಿಕವಷ್ಟೇ, 2022ರ ಜನವರಿಯಲ್ಲಿ, ಅದು 26ರಿಂದ 32 ಸಾವಿರಕ್ಕೇರಿತು. ಅತಿಥಿಯನ್ನು ಊಟಕ್ಕೆ ಕರೆದು ಹೊಸ್ತಿಲಲ್ಲೇ ನಿಲ್ಲಿಸುವ ಈ ಸತ್ಕಾರವನ್ನು ನಮ್ಮ ಸರಕಾರಗಳು ಎಲ್ಲಿಂದ ಕಲಿತವೋ! ಇಂಥವರು ಸ್ವಂತ ಮೊಬೈಲಿನಲ್ಲಿ, ಸ್ವಂತ ಖರ್ಚಿನ ಡೇಟಾದಲ್ಲಿ, ಪುಸ್ತಕಗಳ ರಾಶಿಗೆ ಫೋನು ಒರಗಿಸಿ ಲೆಕ್ಕಶಾಸ್ತ್ರ ಕಲಿಸಿದರು. ಕರಿಹಲಗೆಯ ಮೇಲೆ ಎರಡು ಬದಿಗೂ ಹರಡಿಕೊಳ್ಳಬೇಕಾದ ಖಾತೆಯನ್ನು ಅಂಗೈಯಗಲದ ಪರದೆಯಲ್ಲಿ ತೋರಿಸುವುದು ಹೇಗೆ? ಪ್ರಯೋಗಾಲಯದ ಪಾಠವನ್ನಂತೂ ಕೇಳುವುದೇ ಬೇಡ.

ಆದರೆ ಇವೆಲ್ಲಕ್ಕಿಂತ ದೊಡ್ಡ ಸಂಕಟ ಬೇರೆಯೇ ಇದೆ. ಅನುಭವಿ ಅಧ್ಯಾಪಕ ಪಾಠ ಮಾಡುವುದು ಬಾಯಿಯಿಂದ ಮಾತ್ರವಲ್ಲ, ಕಣ್ಣಿನಿಂದಲೂ. ಹಿಂದಿನ ಬೆಂಚಿನ ಹುಡುಗಿ ಹುಬ್ಬು ಗಂಟಿಕ್ಕಿದರೆ ಆತ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ಬೇರೊಂದು ಉದಾಹರಣೆ ಹುಡುಕುತ್ತಾನೆ. ಆನ್‌ಲೈನ್ ತರಗತಿಯಲ್ಲಿ ಆ ಹುಬ್ಬು ಕಾಣುವುದಿಲ್ಲ. ಕಾಣುವುದು ಕಪ್ಪು ಚೌಕಗಳಲ್ಲಿ ಬರೆದ ಹೆಸರುಗಳು. “ಅರ್ಥವಾಯಿತೇ?” ಎಂದು ಕೇಳಿದರೆ ಮೌನ. ಹೆಸರು ಹಾಜರಿದೆ, ಮನುಷ್ಯ ಇದ್ದಾನೆಯೇ ಎಂಬುದು ತಿಳಿಯದು. ಪರೀಕ್ಷೆಯಲ್ಲಿ ಹತ್ತು ಉತ್ತರಗಳು ಒಂದೇ ಅಕ್ಷರಸಾಲಿನಲ್ಲಿ ಬಂದರೆ ಬರೆದವರಾರು, ನಕಲು ಮಾಡಿದವರಾರು ಎಂದು ಹೇಗೆ ನಿರ್ಣಯಿಸುವುದು?

ಕ್ಯಾಮರಾ ಮುಚ್ಚಿದ ವಿದ್ಯಾರ್ಥಿಗಳೆಲ್ಲ ಸೋಮಾರಿಗಳೆಂದು ತೀರ್ಮಾನಿಸುವುದೂ ಸರಿಯಲ್ಲ. ಒಂದೇ ಕೋಣೆಯ ಮನೆ, ಹಿಂದೆ ಅಳುವ ಮಗು, ತನ್ನ ಚಿತ್ರವನ್ನು ಯಾರಾದರೂ ಸೆರೆಹಿಡಿದಾರೆಂಬ ಭಯ. ಇವನ್ನು ನಾವು ಬಲ್ಲೆವು, ಏಕೆಂದರೆ ಅವು ನಮ್ಮದೇ ಮನೆಗಳು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ಪ್ರತಿ 100 ಮನೆಗಳಲ್ಲಿ ಅಂತರ್ಜಾಲವಿದ್ದುದು ಸುಮಾರು 24ರಲ್ಲಿ, ಕಂಪ್ಯೂಟರ್ ಇದ್ದುದು ಸುಮಾರು 11ರಲ್ಲಿ. ಮನೆಗೊಂದೇ ಫೋನು ಇದ್ದಾಗ ಅದು ಮೊದಲು ಯಾರ ಕೈಗೆ ಹೋಗುತ್ತಿತ್ತು? ಮಗನ ಕೈಗೆ. ಮಗಳಿಗೆ ಸರದಿ ಬರುವ ಹೊತ್ತಿಗೆ ಡೇಟಾ ಮುಗಿದಿರುತ್ತಿತ್ತು. “ನಿಮ್ಮ ಮಗಳು ಗಮನ ಕೊಡುತ್ತಿಲ್ಲ” ಎಂದು ಉಪನ್ಯಾಸಕಿ ಕರೆ ಮಾಡಿದಾಗ ನಾವು ಬೈದದ್ದು ಮಗಳನ್ನು. 2021ರಲ್ಲಿ ಸರಕಾರ ತನ್ನ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ನೀಡಲು ಮುಂದಾಯಿತೆಂಬುದು ನಿಜ. ಆದರೆ ಟ್ಯಾಬಿನ ಜೊತೆ ಕದ ಮುಚ್ಚಿ ಕೂರಲು ಒಂದು ಕೋಣೆ ಬರುವುದಿಲ್ಲವಲ್ಲ!

ಇನ್ನೊಂದು ಭಯವೂ ಇದೆ. ಹೆಚ್ಚಿನವರು ಅದನ್ನು ಬಹಿರಂಗವಾಗಿ ಹೇಳುವುದಿಲ್ಲ. ಚರಿತ್ರೆ, ರಾಜ್ಯಶಾಸ್ತ್ರಗಳನ್ನು ಕಲಿಸುವವರು ಕೇಳಿಸಿಕೊಳ್ಳುವವರಾರೆಂದು ತಿಳಿಯದೆ ಮಾತನಾಡಬೇಕು. ಒಂದು ಗಂಟೆಯ ಪಾಠದಿಂದ ಹತ್ತು ಸೆಕೆಂಡು ಕತ್ತರಿಸಿ ಹರಿಯಬಿಟ್ಟರೆ ಉದ್ಯೋಗವೇ ಹೋಗಬಹುದು. ಹೀಗಿರುವಾಗ ಅಧ್ಯಾಪಕ ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಿ ಮುಗಿಸಿದರೆ ತಪ್ಪು ಯಾರದು? ಪ್ರಶ್ನೆ ಕೇಳುವುದನ್ನು ಕಲಿಸಬೇಕಾದವನೇ ಪ್ರಶ್ನೆಗೆ ಅಂಜುವಂತಾಯಿತು.

ಕೊರೋನಾ ಹೋಯಿತು, ಇದೆಲ್ಲ ಹಳೆಯ ಕಥೆ ಎನ್ನುವವರಿದ್ದಾರೆ. ಹಾಗಲ್ಲ. 2016ರಲ್ಲಿ ಯುಜಿಸಿಯು ‘ಸ್ವಯಂ’ ವೇದಿಕೆಯ ಮೂಲಕ ಪಡೆಯಬಹುದಾದ ಕ್ರೆಡಿಟ್‌ಗಳಿಗೆ ಶೇ. 20ರ ಮಿತಿ ಹಾಕಿತ್ತು. 2021ರ ನಿಯಮದಲ್ಲಿ ಅದು ಶೇ. 40 ಆಯಿತು. ದೂರದ ಪ್ರಖ್ಯಾತ ಪ್ರಾಧ್ಯಾಪಕರ ಪಾಠ ನಮ್ಮ ಪಟ್ಟಣದ ವಿದ್ಯಾರ್ಥಿಗೂ ದೊರೆಯುವುದು ಸ್ವಾಗತಾರ್ಹ. ಆದರೆ ಅದನ್ನೇ ನೆಪಮಾಡಿ ಖಾಲಿ ಹುದ್ದೆಗಳನ್ನು ಖಾಲಿಯಾಗಿಯೇ ಇಟ್ಟರೆ, ಅರ್ಥವಾಗದ ಭಾಗವನ್ನು ಆ ವಿದ್ಯಾರ್ಥಿ ಯಾರ ಬಳಿ ಕೇಳಬೇಕು?

ಮುಂದಿನ ಸಲ ಕಾಲೇಜಿನ ಹೆತ್ತವರ ಸಭೆಗೆ ಹೋದಾಗ ಅಂಕಪಟ್ಟಿಯ ಜೊತೆಗೆ ಇದನ್ನೂ ಕೇಳೋಣ: ನಮ್ಮ ಮಗಳ ಆನ್‌ಲೈನ್ ಪಾಠಕ್ಕೆ ಕಾಲೇಜಿನಲ್ಲೇ ಒಂದು ಕೋಣೆ ಇದೆಯೇ? ಸಂಶಯ ನಿವಾರಿಸಲು ಅಲ್ಲಿ ಕುಳಿತಿರುವ ಉಪನ್ಯಾಸಕಿಗೆ ಆ ಗಂಟೆಯ ಸಂಬಳ ಸಿಗುತ್ತಿದೆಯೇ?