ಬೆಕ್ಕಿನ ಮೈಯ ಉಣ್ಣಿ: ತೆಗೆಯುವುದು ಹೇಗೆ, ತಡೆಯುವುದು ಹೇಗೆ?

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಬೆಕ್ಕಿದೆ ಎಂದು ಕೇಳಿದರೆ ಹಲವು ಕೈಗಳು ಮೇಲೇಳುತ್ತವೆ. ಅದರ ಕಿವಿಯ ಹಿಂದೆ ಬೆರಳಾಡಿಸಿ ನೋಡಿದವರೆಷ್ಟು ಎಂದು ಕೇಳಿದರೆ ಕೈಗಳು ಕೆಳಗಿಳಿಯುತ್ತವೆ. ಅಲ್ಲಿ ಅಡಗಿ ಕೂರುವ ಉಣ್ಣಿಯ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ. ಮಲೆನಾಡಿನವರು ಇದನ್ನೇ ಉಣುಗು ಎನ್ನುತ್ತಾರೆ.

ಇದೊಂದು ಸಣ್ಣ ವಿಷಯವೆಂದು ತಳ್ಳಿಹಾಕಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಆ ರೋಗ ಹರಡುವುದು ಉಣುಗಿನಿಂದ ಎಂದು ಆಮೇಲೆ ತಿಳಿಯಿತು. ಮಂಗನ ಕಾಯಿಲೆಗೆ ಬೆಕ್ಕು ಕಾರಣವಲ್ಲ. ಆದರೆ ರಕ್ತ ಹೀರುವ ಈ ಜೀವಿ ರೋಗಾಣುಗಳನ್ನೂ ಹೊತ್ತು ತರಬಲ್ಲದು ಎಂಬ ಪಾಠವನ್ನು ನಮ್ಮ ನಾಡು ಕಷ್ಟಪಟ್ಟೇ ಕಲಿತಿದೆ.

ಉಣ್ಣಿ ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಹುಲ್ಲು, ಪೊದೆಗಳ ತುದಿಯಲ್ಲಿ ಕಾದು ಕುಳಿತು, ಹಾದುಹೋಗುವ ಪ್ರಾಣಿಯ ಮೈಗೆ ಅಂಟಿಕೊಳ್ಳುತ್ತದೆ. ಬೆಕ್ಕು ಮೈ ನೆಕ್ಕಿಕೊಳ್ಳುವುದರಿಂದ ಎಷ್ಟೋ ಉಣ್ಣಿಗಳು ಹೊರಟುಹೋಗುತ್ತವೆ. ನಾಲಗೆ ತಲುಪದ ಕಿವಿ, ಕುತ್ತಿಗೆ, ಗಲ್ಲದ ಕೆಳಗೆ ಉಳಿದುಕೊಳ್ಳುತ್ತವೆ. ಆದ್ದರಿಂದ ಹೊರಗೆ ಅಡ್ಡಾಡಿ ಬಂದ ಬೆಕ್ಕನ್ನು ದಿನಕ್ಕೊಮ್ಮೆ ತಡವಿ ನೋಡಿ. ಕಾಲ್ಬೆರಳ ಸಂದು, ಕಂಕುಳು, ಬಾಲದ ಬುಡವನ್ನೂ ಮರೆಯಬೇಡಿ.

ಉಣ್ಣಿ ಸಿಕ್ಕರೆ ಏನು ಮಾಡಬೇಕು? ಒಬ್ಬರು ಬೆಕ್ಕನ್ನು ಟವೆಲಿನಲ್ಲಿ ಮೆಲ್ಲಗೆ ಸುತ್ತಿ ಹಿಡಿಯಲಿ. ಇನ್ನೊಬ್ಬರು ಕೈಗವಸು ಹಾಕಿಕೊಂಡು, ಮೊನಚು ತುದಿಯ ಚಿಮುಟದಿಂದ ಉಣ್ಣಿಯನ್ನು ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿಯಲಿ. ಹೊಟ್ಟೆಯನ್ನು ಹಿಸುಕದೆ, ತಿರುಚದೆ, ಒಂದೇ ಸಮನೆ ನೇರವಾಗಿ ಎಳೆಯಬೇಕು. ಬಾಯಿಯ ತುಣುಕು ಒಳಗೆ ಉಳಿದರೆ ಕೆದಕಬೇಡಿ, ಚರ್ಮವೇ ಅದನ್ನು ಹೊರಹಾಕುತ್ತದೆ. ತೆಗೆದ ಉಣ್ಣಿಯನ್ನು ಉಗುರಿನಿಂದ ಜಜ್ಜದೆ ಸ್ಪಿರಿಟ್‌ನಲ್ಲಿ ಹಾಕಿ. ಕೈಯನ್ನು ಸಾಬೂನಿನಿಂದ ತೊಳೆಯಿರಿ. ಬೀಡಿ ಕಿಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು ಬೇಡವೇ ಬೇಡ. ಇದರಿಂದ ಬೆಕ್ಕಿನ ಚರ್ಮ ಸುಡುತ್ತದೆ; ಕೆಣಕಿದ ಉಣ್ಣಿ ಗಾಯದೊಳಕ್ಕೇ ಕಾರಿಕೊಳ್ಳಬಹುದು.

ಇನ್ನು ನಮ್ಮ ಮನೆಯಲ್ಲೇ ನಡೆದ ಒಂದು ಘಟನೆ. ನಾಯಿಗೆಂದು ತಂದ ಔಷಧ ಸ್ವಲ್ಪ ಉಳಿದಿತ್ತು. ಪಾಪ ಬೆಕ್ಕಿಗೂ ಇರಲಿ ಎಂದು ಮಗಳು ಅದರ ಕುತ್ತಿಗೆಗೆ ನಾಲ್ಕು ಹನಿ ಹಾಕಿದಳು. ಸಂಜೆಯೊಳಗೆ ಬೆಕ್ಕು ಗಡಗಡ ನಡುಗತೊಡಗಿತು, ಸೆಳೆತ ಬಂತು. ಪಶುವೈದ್ಯರ ಬಳಿಗೆ ಓಡಿದ್ದರಿಂದ ಬದುಕಿತು. ಆ ಔಷಧದಲ್ಲಿ ಪರ್ಮೆಥ್ರಿನ್ ಇತ್ತು. ನಾಯಿ ತಾಳಿಕೊಳ್ಳುವ ಈ ರಾಸಾಯನಿಕವನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಮಗಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ತಿಳಿವಳಿಕೆಯಲ್ಲಿತ್ತು. ಚೀಟಿ ಓದದ ತಪ್ಪು ನನ್ನದೂ ಹೌದು.

ಆದ್ದರಿಂದ ನಾಯಿಯ ಔಷಧವನ್ನು ಬೆಕ್ಕಿಗೆ ಹಾಕಬೇಡಿ. ಫಿನೈಲ್, ಜಿರಳೆ ಚಾಕ್, ಕರ್ಪೂರದೆಣ್ಣೆ, ಮನುಷ್ಯರು ಮೈಗೆ ಹಚ್ಚಿಕೊಳ್ಳುವ ಕೀಟನಿವಾರಕ ಎಣ್ಣೆ, ಯಾವುದೂ ಬೇಡ. ಮೈಗೆ ಹಚ್ಚಿದ್ದೆಲ್ಲ ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಬೆಕ್ಕಿಗೆಂದೇ ತಯಾರಾದ ಫಿಪ್ರೊನಿಲ್‌ನಂಥ ಹನಿ ಔಷಧಗಳಿವೆ. ಅದರ ವಯಸ್ಸು, ತೂಕ ತಿಳಿಸಿ ಪಶುವೈದ್ಯರ ಸಲಹೆಯಂತೆ ಬಳಸಿ. ಅಂಗಳದ ಹುಲ್ಲು ಕತ್ತರಿಸಿ, ಬೆಕ್ಕು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ನಾಯಿಯ ಉಣ್ಣಿ ಗೋಡೆಯ ಬಿರುಕಿನಲ್ಲೂ ಮೊಟ್ಟೆಯಿಡುತ್ತದೆ, ಆ ಬಿರುಕುಗಳನ್ನು ಮುಚ್ಚಿಸಿ.

ಉಣ್ಣಿ ತೆಗೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಡಿ. ಮುಂದಿನ ಕೆಲವು ವಾರಗಳಲ್ಲಿ ಬೆಕ್ಕು ಊಟ ಬಿಟ್ಟರೆ, ಮಂಕಾದರೆ, ವಸಡು ಬಿಳಿಚಿಕೊಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಮಕ್ಕಳೇ, ಬೆಕ್ಕಿಗೆ ತನ್ನ ನೋವನ್ನು ಹೇಳಲು ಬಾಯಿಲ್ಲ. ಇಂದು ಮನೆಗೆ ಹೋದ ಕೂಡಲೇ ಅದರ ಕಿವಿಯ ಹಿಂದೆ ಒಮ್ಮೆ ಬೆರಳಾಡಿಸಿ ನೋಡಿ. ಇಷ್ಟು ಮಾಡಿದರೆ ನನ್ನ ಮಾತು ಸಾರ್ಥಕ.