ಊರೆಲ್ಲ ಓದುವ ಗ್ರಂಥ



ಬರುವ ಶ್ರಾವಣಮಾಸದಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಒಂದೇ ಗ್ರಂಥವನ್ನು ಓದಬೇಕು, ಸಂಜೆ ಎಲ್ಲರೂ ಕೂಡಿ ಅದನ್ನೇ ಚಿಂತಿಸಬೇಕು ಎಂದು ನೀವು ಸಂಕಲ್ಪ ಮಾಡಿರುವಿರಿ. ಇದು ನಮಗೆ ಬಹಳ ಸಂತೋಷವನ್ನುಂಟುಮಾಡಿದೆ. ಆದರೆ ಯಾವ ಗ್ರಂಥ ಎಂಬಲ್ಲಿ ಒಮ್ಮತವಾಗಿಲ್ಲ. ಬಸವಪುರಾಣವೆಂದು ಕೆಲವರು, ಶೂನ್ಯಸಂಪಾದನೆಯೆಂದು ಕೆಲವರು, ನಮ್ಮ ಸಂಸ್ಕೃತದ ಒಲವನ್ನು ಬಲ್ಲ ಕೆಲವರು ಸಿದ್ಧಾಂತಶಿಖಾಮಣಿಯೇ ಆಗಲೆಂದು ಬಿನ್ನವಿಸಿದ್ದಾರೆ. ಎಲ್ಲವೂ ಪೂಜ್ಯಗ್ರಂಥಗಳೇ. ಆದರೆ ಪೂಜ್ಯವಾದುದೆಲ್ಲ ಎಲ್ಲರಿಗೂ ಒಂದೇ ಕಾಲಕ್ಕೆ ಪಥ್ಯವಾಗದು. ಹೋಳಿಗೆ ಎಷ್ಟೇ ಸವಿಯಾಗಿದ್ದರೂ ಹಲ್ಲು ಮೂಡದ ಕೂಸಿಗೆ ಅದನ್ನು ಉಣಿಸುವವರುಂಟೆ?

ಹಿಂದಿನ ಶಾಸ್ತ್ರಕಾರರು ಗ್ರಂಥಾರಂಭದಲ್ಲಿ ನಾಲ್ಕು ಸಂಗತಿಗಳನ್ನು ವಿಚಾರಿಸುತ್ತಿದ್ದರು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇದಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಗ್ರಂಥವು ಏನನ್ನು ಹೇಳುತ್ತದೆ, ಅದರಿಂದ ಲಾಭವೇನು, ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟೇನು, ಅದನ್ನು ಓದಲು ಯಾರು ಯೋಗ್ಯರು ಎಂಬುದೇ ಈ ವಿಚಾರ. ಪಾಠಶಾಲೆಯಲ್ಲಿ ಗ್ರಂಥಕ್ಕೆ ತಕ್ಕ ಅಧಿಕಾರಿಯನ್ನು ಆರಿಸುತ್ತಾರೆ. ವ್ಯಾಕರಣ ತಿಳಿಯದವನನ್ನು ಭಾಷ್ಯಪಾಠಕ್ಕೆ ಕೂಡಿಸುವುದಿಲ್ಲ. ಊರೆಲ್ಲ ಓದುವಾಗ ಈ ಕ್ರಮ ತಿರುಗಬೇಕಾಗುತ್ತದೆ. ಅಲ್ಲಿ ಎಲ್ಲರೂ ಅಧಿಕಾರಿಗಳೇ, ಯಾರನ್ನೂ ಹೊರಗಿಡುವಂತಿಲ್ಲ. ಆದಕಾರಣ ಅಧಿಕಾರಿಗೆ ತಕ್ಕ ಗ್ರಂಥವನ್ನು ಆರಿಸಬೇಕು.

ಈ ಅಧಿಕಾರಿಗಳು ಯಾರು? ಕಾಲೇಜು ಕಲಿತ ಮಕ್ಕಳಿದ್ದಾರೆ, ಅಕ್ಷರ ಬಾರದ ಅಜ್ಜಿಯರಿದ್ದಾರೆ. ಹಗಲೆಲ್ಲ ಕಳೆ ಕಿತ್ತು ಬಂದು, ಒಲೆ ಹಚ್ಚಿ, ಎಲ್ಲರಿಗೂ ಬಡಿಸಿದ ಮೇಲೆ ಅರ್ಧ ಗಂಟೆಯ ಬಿಡುವು ಕಾಣುವ ತಾಯಂದಿರಿದ್ದಾರೆ. ಅವರನ್ನು ಮುಂದಿಟ್ಟುಕೊಂಡು ನೋಡಿರಿ. ಸಿದ್ಧಾಂತಶಿಖಾಮಣಿ ಸಂಸ್ಕೃತದಲ್ಲಿದೆ. ಅದನ್ನಾರಿಸಿದರೆ ಬಲ್ಲವನೊಬ್ಬನು ಹೇಳುತ್ತಾನೆ, ಉಳಿದವರು ತಲೆದೂಗುತ್ತಾರೆ. ಅದು ಪ್ರವಚನವಾದೀತು, ಊರಿನ ಓದಾಗದು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳ ಸಂವಾದಗಳಿವೆ. ಅಲ್ಲಿಯ ಬೆಡಗು ಬಿಡಿಸಲು ಗುರುವಿನ ಬಳಿ ವರ್ಷಗಟ್ಟಲೆ ಕುಳಿತುಕೊಳ್ಳಬೇಕು. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವು ಭಾಮಿನಿ ಷಟ್ಪದಿಯಲ್ಲಿದೆ. ಬಲ್ಲ ಪುರಾಣಿಕರು ರಾಗದಿಂದ ಹೇಳಿದರೆ ಕಿವಿಗೆ ಹಬ್ಬ. ಮಠದಲ್ಲಿ ಅದು ನಡೆದೇ ನಡೆಯಲಿ. ಆದರೆ ಪವಾಡ ಕೇಳಿದ ಮನಸ್ಸು ಕೈಮುಗಿಯುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಕೂಡಿ ಓದುವ ಗ್ರಂಥ ಕೈಮುಗಿಸಿದರೆ ಸಾಲದು, ಬಾಯಿಯನ್ನೂ ಬಿಡಿಸಬೇಕು.

ಒಂದೂರೆಲ್ಲ ಒಂದೇ ಪುಸ್ತಕ ಓದುವ ಪದ್ಧತಿ ಅಮೇರಿಕೆಯ ಸಿಯಾಟಲ್ ನಗರದಲ್ಲಿ 1998ರಲ್ಲಿ ಗ್ರಂಥಾಲಯದವರಿಂದ ಆರಂಭವಾಯಿತು. ಮಕ್ಕಳ ಬಸ್ಸು ಅಪಘಾತಕ್ಕೀಡಾಗಿ ಒಂದೂರು ಅನುಭವಿಸಿದ ದುಃಖದ ಕಾದಂಬರಿಯನ್ನು ಅವರು ಆರಿಸಿಕೊಂಡರು. ಪಂಡಿತನಿಗೂ ಪಾಮರನಿಗೂ ಅದರ ಬಗ್ಗೆ ಆಡಲು ಮಾತಿತ್ತು. ನ್ಯೂಯಾರ್ಕಿನಲ್ಲಿಯಾದರೋ 2002ರಲ್ಲಿ ಈ ಪುಸ್ತಕವೋ ಆ ಪುಸ್ತಕವೋ ಎಂಬ ಜಗಳದಲ್ಲಿಯೇ ಕಾರ್ಯ ಕುಂಟಿತು. ನಮಗೆ ಹಾಗಾಗುವುದು ಬೇಡ.

ನಮ್ಮ ಅಭಿಪ್ರಾಯ ಹೀಗಿದೆ: 30 ದಿನಗಳಿಗೆ 30 ವಚನಗಳ ಒಂದು ಚಿಕ್ಕ ಪುಸ್ತಕ ಸಾಕು. ವಚನ ಚಿಕ್ಕದು, ಆದರೆ ತನ್ನಲ್ಲಿ ತಾನು ಪೂರ್ಣ. ನಿನ್ನೆ ಬಾರದವನೂ ಇಂದು ಬಂದು ಕೂಡಬಹುದು. ಅಕ್ಷರ ಬಾರದ ಅಜ್ಜಿ ಮೂರು ಬಾರಿ ಕೇಳಿದರೆ ಬಾಯಿಪಾಠ ಹೇಳುತ್ತಾಳೆ. ಓಲೆಗರಿಗಳಲ್ಲಿ ಮುಚ್ಚಿಹೋಗಿದ್ದ ವಚನಗಳನ್ನು ಹುಡುಕಿ, ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ್ದು ಏತಕ್ಕೆ? ವಿಭೂತಿ ಹಚ್ಚಿ ಜಗಲಿಯ ಮೇಲಿಡಲೆಂದಲ್ಲ, ಜನ ಓದಲೆಂದು.

ಆ 30ರಲ್ಲಿ ಬಸವಣ್ಣನವರ ಜೊತೆಗೆ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲರೂ ಇರಲಿ. ಲಕ್ಕಮ್ಮನ ಸಂಗತಿ ನಿಮಗೆ ತಿಳಿದೇ ಇದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದನು. ಆ ತಾಯಿ ಮೆಚ್ಚಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದಳು. ಇದನ್ನು ಓದಿದ ದಿನ ದಲ್ಲಾಳಿಗೆ ತನ್ನ ತಕ್ಕಡಿ ನೆನಪಾಗಬೇಕು, ಸಾಹುಕಾರನಿಗೆ ಆಳಿನ ಕೂಲಿ ನೆನಪಾಗಬೇಕು. ನಮ್ಮಂಥ ಮಠದವರಿಗೂ ಉಗ್ರಾಣ ನೆನಪಾಗಬೇಕು. ನಮ್ಮನ್ನು ಹೊಗಳುವ ಗ್ರಂಥ ಬೇಡ, ನಮ್ಮ ಲೆಕ್ಕ ಕೇಳುವ ಗ್ರಂಥ ಬೇಕು.

ಕಡೆಯದಾಗಿ ಒಂದು ಮಾತು. ಗ್ರಂಥದ ಆಯ್ಕೆಯಷ್ಟೇ ಸ್ಥಳದ ಆಯ್ಕೆಯೂ ಮುಖ್ಯ. ಮಾದಾರ ಚೆನ್ನಯ್ಯನ ಹೆಸರನ್ನು ಭಕ್ತಿಯಿಂದ ಹೇಳುತ್ತ, ಅವನ ಕೇರಿಯವರು ಹೊಸ್ತಿಲಾಚೆ ನಿಂತು ಕೇಳುವಂತಾದರೆ ಆ ಓದು ವ್ಯರ್ಥ. ಯಾವ ಮನೆಯ ಪಡಸಾಲೆಗೆ ಎಲ್ಲರೂ ಅಳುಕಿಲ್ಲದೆ ಬಂದು ಸಮನಾಗಿ ಕೂಡುವರೋ ಅಲ್ಲಿ ಓದಿರಿ. ಅಂಥ ಮನೆ ಸಿಗದಿದ್ದರೆ ಶಾಲೆಯ ಅಂಗಳವಿದೆ, ಮಠದ ಅಂಗಳವೂ ಇದೆ. ಓದುವವರು ದಿನಕ್ಕೊಬ್ಬರಾಗಲಿ, ಮೊದಲ ದಿನ ಒಬ್ಬ ತಾಯಿ ಓದಲಿ.

ನಿಮ್ಮ ಸಂಕಲ್ಪ ಸಿದ್ಧಿಸಲಿ, ಓದಿದುದು ನಡೆಯಲ್ಲಿ ಬರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ. ಸರ್ವರಿಗೂ ಮಂಗಳವಾಗಲಿ.