ಸೊಗಡಿನ ಸಾಲ

(ಸಂಘದ ರಜತ ಮಹೋತ್ಸವದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಆಡಿದ ಮಾತುಗಳು)



ಷೇರು, ಸಾಲ, ಲಾಭಾಂಶದ ವಿಚಾರ ಹಿಂದೆ ಮಾತಾಡಿದವರು ಹೇಳಿದ್ದಾರೆ. ನಾನು ಅವರೆಕಾಯಿ ವಿಚಾರ ಹೇಳ್ತೀನಿ. ನಗಬೇಡಿ, ಕೊನೆಯಲ್ಲಿ ಸಂಘಕ್ಕೆ ಒಂದು ಅರ್ಜಿಯೂ ಇದೆ.

ಕೆಂಗೇರಿ ಸುತ್ತಿನ ನಮ್ಮ ಒಕ್ಕಲು ಮನೆಗಳಲ್ಲಿ ಅವರೆಗೆ ಅಂತ ಬೇರೆ ಹೊಲ ಇರಲಿಲ್ಲ. ರಾಗಿ ನಡುವೆ ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದೆವು. ಹಗಲು ಕಿರಿದಾಗಿ ಮಂಜು ಬೀಳುವ ಕಾಲಕ್ಕೇ ನಾಟಿ ಅವರೆ ಹೂ ಕಟ್ಟುವುದು. ಬೆಳಗಿನ ಜಾವ ಕಾಯಿ ಕಿತ್ತರೆ ಎಣ್ಣೆಯಂಥ ಅಂಟು ಕೈಗೆ ಹತ್ತಿ ಸಂಜೆವರೆಗೂ ಘಮ್ ಅನ್ನೋದು. ಅದೇ ಸೊಗಡು. ಶಾಲೆಯಲ್ಲಿ ಮೇಷ್ಟ್ರು ಸ್ಲೇಟು ಮುಟ್ಟಿದ ಕೂಡಲೇ, "ಏನ್ಲಾ, ಕಾಯಿ ಕಿತ್ತು ಬಂದ್ಯಾ?" ಅನ್ನೋರು.

ನಮ್ಮವ್ವ ರಾತ್ರಿ ಕಾಳು ನೆನೆಹಾಕೋಳು. ಬೆಳಿಗ್ಗೆ ಮಕ್ಕಳೆಲ್ಲ ಸುತ್ತ ಕೂತು ಹಿತಕೋದು. ಬೇಳೆ ಪಾತ್ರೆಗೆ, ಸಿಪ್ಪೆ ಹಸುವಿಗೆ. ತಾಯಂದಿರಿಗೆ ಗೊತ್ತಿರೋದೇ, ಹೊಸ ಸೊಸೆಯರಿಗಾಗಿ ಹೇಳ್ತೀನಿ: ಅರ್ಧ ಸೇರು ಬೇಳೆಗೆ ಒಂದು ಹೋಳು ತೆಂಗಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಚೂರು ಶುಂಠಿ, ಎಂಟು ಹಸಿಮೆಣಸಿನಕಾಯಿ, ಹಿಡಿ ಕೊತ್ತಂಬರಿ ಸೊಪ್ಪು, ಚಮಚ ಗಸಗಸೆ, ಎರಡು ಲವಂಗ, ತುಂಡು ಚಕ್ಕೆ. ಎಲ್ಲ ನುಣ್ಣಗೆ ರುಬ್ಬಬೇಕು. ಒಗ್ಗರಣೆಯಲ್ಲಿ ಈರುಳ್ಳಿ ಬಾಡಿಸಿ, ಮಸಾಲೆಯ ಹಸಿವಾಸನೆ ಹೋಗೋವರೆಗೆ ಹುರಿದು, ಬೇಳೆ, ನೀರು, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಬೇಳೆ ಮೆತ್ತಗಾಗಬೇಕು, ಕರಗಬಾರದು. "ಹುಳಿ ಹಿಂಡಬ್ಯಾಡ, ಸೊಗಡು ಸಾಯ್ತದೆ" ಅನ್ನೋಳು ಅವ್ವ. ಜೊತೆಗೆ ಬಿಸಿ ರಾಗಿಮುದ್ದೆ.

ಆಮೇಲೆ ಹೊಲ ಬಡಾವಣೆಗೆ ಹೋಯಿತು. ಪರಿಹಾರದ ಹಣದಲ್ಲಿ ಮನೆ ಕಟ್ಟಿದೆವು. ಅವ್ವ ಬೂದಿ ಬೆರೆಸಿ ಮಡಕೆಯಲ್ಲಿಟ್ಟಿದ್ದ ಬಿತ್ತನೆ ಅವರೆಯನ್ನು, "ಇನ್ನೆಲ್ಲಿ ಬಿತ್ತೋದು" ಅಂತ ನಾನೇ ಸಾರಿಗೆ ಹಾಕಿಸಿಬಿಟ್ಟೆ. ಆ ದಿನ ಅವ್ವ ಉಣ್ಣಲಿಲ್ಲ. ಒಂದು ಮಾತೂ ಆಡಲಿಲ್ಲ.

2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ ತಳಿಗಳು ಬಂದ ಮೇಲೆ ಚಳಿಗಾಲಕ್ಕೆ ಕಾಯದೆಯೂ ಕಾಯಿ ಬೆಳೆಯಬಹುದು. ಬೆಳೆಗಾರನಿಗೆ ಅನುಕೂಲವೇ, ದೂರುವುದಿಲ್ಲ. ಆದರೆ ಅವ್ವನ ಮಡಕೆಯ ಸೊಗಡು ನನಗೆ ಅದರಲ್ಲಿ ಸಿಕ್ಕಿಲ್ಲ.

ಈಗ ಅರ್ಜಿ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತನ ಕೈ ಹಿಡಿಯೋದಕ್ಕೆ. ನಮ್ಮ ಸಂಘ ಹಣದ ಜೊತೆ ಬೀಜದ ಸಾಲವನ್ನೂ ಕೊಡಲಿ. ನಿಮ್ಮಲ್ಲಿ, ಮಾಗಡಿ ಕಡೆಯ ನಿಮ್ಮ ನೆಂಟರಲ್ಲಿ ನಾಟಿ ಅವರೆ ಇದ್ದರೆ ಸಂಘಕ್ಕೆ ಒಂದು ಸೇರು ತಂದುಕೊಡಿ. ಒಯ್ದವರು ಸುಗ್ಗಿಯಲ್ಲಿ ಒಂದೂವರೆ ಸೇರು ಅಳೆದು ಕೊಡಲಿ. ಹೊಲ ಇಲ್ಲದವರು ಹಿತ್ತಲಲ್ಲಿ ನಾಲ್ಕು ಬೀಜ ಊರಿದರೂ ಸಾಕು.

ಆ ಪುಸ್ತಕದಲ್ಲಿ ಮೊದಲ ಸಾಲಗಾರನಾಗಿ ನನ್ನ ಹೆಸರು ಬರೆದುಕೊಳ್ಳಿ. ಅವ್ವನಿಗೆ ತೀರಿಸಬೇಕಾದ ಬಾಕಿ ಅದು.